ನಡಾವಳಿಗೆ ಸೇರದ್ದು

ಮಂಗಳವಾರ, ಸಂಜೆ ಏಳು. ಗ್ರಂಥಾಲಯದ ಹಿಂದಿನ ಕೋಣೆ.
ಹೀಟರು ಕೆಮ್ಮುತ್ತದೆ, ಬಿಸಿಯಾಗುವುದಿಲ್ಲ.
ಹಾಜರಿದ್ದವರು ಆರು, ಬರಲಾಗದ್ದಕ್ಕೆ ವಿಷಾದಿಸಿದವರು ಒಂಬತ್ತು.
ಬರೆದುಕೊಳ್ಳುವವಳು ನಾನು,
ಕೇಳಿದ್ದನ್ನೆಲ್ಲ ಬರೆಯುವ ಹಾಗಿಲ್ಲ.

ವಿಷಯ ಐದು:
ಅಬರ್‌ವೆನ್ ಸ್ವಯಂಸೇವಕ ಪ್ರಶಸ್ತಿ, ಮುಂದಿನ ಹತ್ತು ವರ್ಷ.
ಗ್ವಿಲಿಮ್ ಕನ್ನಡಕ ಒರೆಸಿ ಲೆಕ್ಕ ಓದಿದ:
ಕೈಯಲ್ಲಿರುವುದು ಇನ್ನೂರ ಹನ್ನೆರಡು ಪೌಂಡು, ಚಿಲ್ಲರೆ.
ದುಡ್ಡು ಕೊಡುತ್ತಿದ್ದ ಬ್ಯಾಂಕು ಊರು ಬಿಟ್ಟು ಮೂರು ವರ್ಷ,
ಅದರ ತಿಜೋರಿಯ ಕೋಣೆಯಲ್ಲೀಗ ನಾಯಿಗಳಿಗೆ ಕ್ಷೌರ.
ಫಲಕದಲ್ಲಿ ಜಾಗ ಮುಗಿದಿದೆ.
ಇಪ್ಪತ್ತಾರು ವರ್ಷ, ಇಪ್ಪತ್ತಾರು ಹಿತ್ತಾಳೆ ತಗಡು,
ಕೊನೆಯದನ್ನು ಮೂಲೆಗೆ ಓರೆಯಾಗಿ ಕೂರಿಸಿದ್ದೇವೆ,
ತುಂಬಿದ ಬಸ್ಸಿನ ಮೆಟ್ಟಿಲಲ್ಲಿ ನಿಂತವನ ಹಾಗೆ.

ಅಧ್ಯಕ್ಷೆ ಮೆರೆರಿಡ್ ಬಿಳಿ ಹಲಗೆಯ ಮೇಲೆ
'ಸುಸ್ಥಿರ' ಎಂದು ದೊಡ್ಡದಾಗಿ ಬರೆಯಹೊರಟಳು.
ಶಾಯಿ 'ಸ್ಥಿ'ಗೇ ಮುಗಿಯಿತು.
ಆಮೇಲೆ ಸಲಹೆಗಳು, ಬಿಸ್ಕತ್ತಿನ ತಟ್ಟೆಯ ಹಾಗೆ
ಎಲ್ಲರ ಮುಂದೆ ಹಾದುಹೋದವು:
ವರ್ಷ ಬಿಟ್ಟು ವರ್ಷ ಕೊಡೋಣ.
ಗಾಳಿಗೆ ಬಿದ್ದ ಚರ್ಚಿನ ಮರವಿದೆ, ಕೊಯ್ದು
ಮರದ ಬಟ್ಟಲೇ ಕಡೆಯೋಣ.
ಮೀನು-ಚಿಪ್ಸ್ ಅಂಗಡಿಯವನನ್ನು ಕೇಳೋಣ. ಕೇಳುವುದು ಯಾರು?
ಬೆಕ್ಕು ಇದೆ, ಗಂಟೆ ಇದೆ,
ಎಲ್ಲರ ಕೈಯೂ ಜೇಬಿನಲ್ಲಿದೆ.

ಹೆಸರು ಸೂಚಿಸುವವರೇ ಇಲ್ಲ ಎಂದ ಗ್ವಿಲಿಮ್.
ಹೋದ ವರ್ಷ ಐವರ್‌ನ ಹೆಸರು ಬಂದಿತ್ತು,
ದಿನಾ ನಸುಕಿಗೆ ದಡದ ಪ್ಲಾಸ್ಟಿಕ್ ಹೆಕ್ಕುವವನು.
ಪತ್ರ ಹಿಡಿದು ಬಾಗಿಲಿಗೆ ಹೋದವಳು ನಾನೇ.
"ಬೇಡ ಮಗಳೇ," ಎಂದ, ಚೀಲ ಕೆಳಗಿಡದೆ,
"ಹೆಂಡತಿ ಹೋದ ಮೇಲೆ ಐದಕ್ಕೇ ಎಚ್ಚರವಾಗುತ್ತದೆ.
ಅದಕ್ಕೆಂಥ ಬಹುಮಾನ?"
ನಡಾವಳಿಯಲ್ಲಿ ಬರೆದೆ: ಅಭ್ಯರ್ಥಿ ನಿರಾಕರಿಸಿದ್ದಾರೆ.

ಇಷ್ಟು ಹೊತ್ತೂ ಎಲಿನೆಡ್ ಮಾತಾಡಿರಲಿಲ್ಲ.
ಎಂಬತ್ತೊಂದು. ಮಡಿಲಲ್ಲಿ ಫಲಕ, ಕೈಯಲ್ಲಿ ಹಳೆಯ ಬನಿಯನ್ನಿನ ಚೂರು.
ಹೆಸರುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು,
ಶಾಲೆಗೆ ಹೊರಟ ಮಕ್ಕಳ ಮೂತಿ ಒರೆಸಿದಂತೆ.
ಮಗುಚಿದ ದೋಣಿಯತ್ತ ಈಜಿದವನು.
ಮೂವತ್ತು ವರ್ಷ ಮಕ್ಕಳಿಗೆ ರಸ್ತೆ ದಾಟಿಸಿದವಳು.
ಸಾಯುವವರ ಪಕ್ಕ ಕೂತು ಉಣ್ಣೆ ಹೆಣೆದವಳು.
ಎಲ್ಲರನ್ನೂ ಕಂಡುಹಿಡಿದದ್ದು ಇವಳು,
ಅರ್ಜಿ ತುಂಬಿದ್ದು ಇವಳು, ಸಭಾಂಗಣದ ಕೀಲಿಕೈ ಇವಳ ಬಳಿ,
ಕಡೆಗೆ ಚಹದ ಲೋಟ ತೊಳೆದದ್ದೂ.
ಇವಳ ಹೆಸರು ಮಾತ್ರ ಇದರಲ್ಲಿಲ್ಲ.
ನಿಯಮ ನಾಲ್ಕು: ಸಮಿತಿಯವರಿಗೆ ಪ್ರಶಸ್ತಿಯಿಲ್ಲ.
ಕೊಡಬೇಕಾದರೆ ಇವಳು ಬಿಡಬೇಕು;
ಇವಳು ಬಿಟ್ಟರೆ ಕೊಡುವವರಿಲ್ಲ.
ನಿಯಮ ಬರೆದವಳೂ ಇವಳೇ.

ಮೂಲೆಯಲ್ಲಿ ಗೆಥಿನ್, ಹದಿನೇಳು,
ಶಾಲೆಯ ಬ್ಯಾಡ್ಜಿಗೆ ಹನ್ನೆರಡು ಗಂಟೆ ಸೇವೆ ಬೇಕೆಂದು ಬಂದವನು,
ಫೋನಿನಿಂದ ತಲೆಯೆತ್ತಿ ಕೇಳಿದ:
"ಆ ತಗಡುಗಳನ್ನು ಬಿಚ್ಚಬಹುದಾ?"

ಕೋಣೆ ಸುಮ್ಮನಾಯಿತು. ಹೀಟರು ಕೂಡ.
ಗ್ವಿಲಿಮ್ ಕೆಂಪಾಗಿ, ಇದು ಸತ್ತವರಿಗೆ ಅವಮಾನ ಎಂದ.
ಮೆರೆರಿಡ್ ಕಾರ್ಯಸೂಚಿಯ ಹಾಳೆ ತಿರುವಿದಳು.
"ಬಿಚ್ಚಿ ಅವರವರ ಮನೆಗೆ ಕೊಟ್ಟರೆ," ಅಂದ ಹುಡುಗ,
"ಮರ ಖಾಲಿಯಾಗತ್ತಲ್ಲ.
ನಮ್ಮಜ್ಜನದೂ ಇದೆ ಅದರಲ್ಲಿ. ಎರಡನೇ ಸಾಲು.
ನಾನು ಇವತ್ತೇ ನೋಡಿದ್ದು."

ಎಲಿನೆಡ್ ಚೀಲದೊಳಗೆ ಕೈ ಹಾಕಿ
ಬಹಳ ಹೊತ್ತು ತಡಕಿದಳು. ಮಾತ್ರೆ, ಕರವಸ್ತ್ರ, ಬಸ್ ಪಾಸು,
ಕಡೆಗೆ ಕಿರುಬೆರಳುದ್ದದ ಸ್ಕ್ರೂಡ್ರೈವರ್.
ಹಿಡಿಗೆ ಸುತ್ತಿದ ಅಂಟುಪಟ್ಟಿ ಕಪ್ಪಾಗಿತ್ತು.
"ಎಡದ ತಿರುಪು ಮೊದಲು," ಎಂದಳು,
"ಬಲದ್ದು ಹಟಮಾರಿ. ಜೋರು ಮಾಡಬೇಡ,
ಮರ ಸೀಳಿದರೆ ಮುಂದಿನ ಹೆಸರು ನಿಲ್ಲುವುದಿಲ್ಲ."

ವಿಷಯ ಐದನ್ನು ಮುಂದಿನ ಸಭೆಗೆ ಮುಂದೂಡಲಾಯಿತು.
ಇದಿಷ್ಟು ದಾಖಲೆ.
ಎಂಟೂವರೆಗೆ ಗ್ರಂಥಪಾಲಕ ದೊಡ್ಡ ದೀಪ ಆರಿಸಿದ.
ಫೋನಿನ ಬೆಳಕಲ್ಲಿ ಇಬ್ಬರು ಇನ್ನೂ ಬಾಗಿ ಕೂತಿದ್ದರು,
ಅವಳು ಫಲಕ ಹಿಡಿದು, ಅವನು ತಿರುಗಿಸುತ್ತ.
ಕುರ್ಚಿ ಎತ್ತಿಡುವುದು ಯಾರ ಪಾಳಿಯೆಂದು
ಯಾರೂ ಕೇಳಲಿಲ್ಲ. ಪೆನ್ನು ಮುಚ್ಚಿ
ನಾನೇ ಎರಡೆರಡಾಗಿ ಎತ್ತತೊಡಗಿದೆ.